ಕಥೆಯ ಕುದುರೆಗಳಿಗೆ ರೆಕ್ಕೆ ಬಂದದ್ದು ಹೇಗೆ

ಜನಪದ ಕಥೆಗಳ ಪ್ರಾಣಿಗಳಲ್ಲಿ ಕುದುರೆಯ ಪಾತ್ರ ಬೇರೆಯೇ ಬಗೆಯದು. ನರಿ ಉಪಾಯ ಹೂಡುತ್ತದೆ, ಸಿಂಹ ಗರ್ಜಿಸಿ ಆಳುತ್ತದೆ, ಆಮೆ ನಿಧಾನವಾಗಿ ನಡೆದು ಗೆಲ್ಲುತ್ತದೆ. ಕುದುರೆಯಾದರೋ ಮನುಷ್ಯನನ್ನು ಬೆನ್ನ ಮೇಲೆ ಹೊತ್ತು, ಅವನು ಒಂಟಿಯಾಗಿ ಎಂದೂ ತಲುಪಲಾರದ ಕಡೆಗೆ ಒಯ್ಯುತ್ತದೆ. ಗ್ರೀಕರ ಕಥೆಯಲ್ಲಿ ಅದು ಆಕಾಶಕ್ಕೆ ಹಾರುತ್ತದೆ, ಉತ್ತರ ಯುರೋಪಿನವರ ಕಥೆಯಲ್ಲಿ ಎಂಟು ಕಾಲುಗಳಿಂದ ಓಡುತ್ತದೆ, ಇರಾನಿನಲ್ಲಿ ಮಲಗಿದ ಒಡೆಯನಿಗೆ ಕಾವಲು ಕಾಯುತ್ತದೆ, ರಷ್ಯಾದಲ್ಲಿ ಮೂಗಿನಿಂದ ಬೆಂಕಿ ಉಗುಳುತ್ತದೆ, ಸ್ಕಾಟ್ಲೆಂಡಿನಲ್ಲಿ ಮಕ್ಕಳನ್ನು ಬೆನ್ನಿಗೆ ಅಂಟಿಸಿಕೊಂಡು ಸರೋವರಕ್ಕೆ ಧುಮುಕುತ್ತದೆ. ಇವೆಲ್ಲ ಬಾಯಿಗೆ ಬಂದಂತೆ ಹೆಣೆದ ಅದ್ಭುತಗಳಲ್ಲ. ಕಥೆಯ ಕುದುರೆಗೆ ಬಂದ ಶಕ್ತಿಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ, ಅವುಗಳಲ್ಲಿ ಹೆಚ್ಚಿನವು ನಿಜವಾದ ಕುದುರೆಯಲ್ಲಿ ಜನ ಕಣ್ಣಾರೆ ಕಂಡ ಯಾವುದೋ ಒಂದು ಗುಣವನ್ನು ಹಿಗ್ಗಿಸಿದ ರೂಪಗಳೇ ಆಗಿವೆ ಎಂಬುದು ತಿಳಿಯುತ್ತದೆ.

ನಾಯಿ, ಕುರಿ, ದನಗಳಿಗೆ ಹೋಲಿಸಿದರೆ ಕುದುರೆ ಮನುಷ್ಯನ ಜೊತೆಗೂಡಿದ್ದು ಬಹಳ ತಡವಾಗಿ. ಇಂದಿನ ಕಜಾಕಸ್ತಾನದ ಉತ್ತರ ಭಾಗದ ಬೋಟಾಯ್ ಎಂಬಲ್ಲಿ ಸುಮಾರು 5,500 ವರ್ಷಗಳ ಹಿಂದೆ ಜನರು ಕುದುರೆಗಳೊಡನೆ ನಿಕಟವಾಗಿ ಬದುಕಿದ್ದರ ಕುರುಹುಗಳು ಸಿಕ್ಕಿವೆ. ಈಗ ಜಗತ್ತಿನಲ್ಲಿರುವ ಸಾಕುಕುದುರೆಗಳ ಮೂಲ ಮಾತ್ರ ವೋಲ್ಗಾ ಮತ್ತು ಡಾನ್ ನದಿಗಳ ಬಳಿಯ ಹುಲ್ಲುಗಾವಲು ಎಂದೂ, ಆ ತಳಿ ಕ್ರಿ.ಪೂ. 2200ರ ಸುಮಾರಿನಿಂದ ಯುರೋಪು, ಏಷ್ಯಾಗಳಲ್ಲಿ ಹರಡಿತೆಂದೂ ಪ್ರಾಚೀನ ಡಿಎನ್‌ಎಯನ್ನು ಪರೀಕ್ಷಿಸಿದ ವಿಜ್ಞಾನಿಗಳು 2021ರಲ್ಲಿ ತಿಳಿಸಿದರು. ಅದಕ್ಕೆ ಮೊದಲು ನೆಲದ ಮೇಲೆ ಮನುಷ್ಯನ ವೇಗಕ್ಕೆ ಅವನ ಎರಡು ಕಾಲುಗಳೇ ಮಿತಿಯಾಗಿದ್ದವು. ಒಳ್ಳೆಯ ಕುದುರೆ ಸ್ವಲ್ಪ ದೂರದವರೆಗೆ ಗಂಟೆಗೆ 60 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡಬಲ್ಲದು. ನಡೆದು ಮಾತ್ರ ಗೊತ್ತಿದ್ದವನೊಬ್ಬ ಮೊದಲ ಬಾರಿಗೆ ಅಂಥ ಬೆನ್ನೇರಿ, ಗಾಳಿಗೆ ಕಣ್ಣು ತೆರೆಯಲಾರದೆ, ಬಯಲೆಲ್ಲ ಹಿಂದಕ್ಕೆ ಸರಿಯುವುದನ್ನು ಕಂಡಾಗ ಅದನ್ನು ಹಾರಾಟವೆಂದು ಕರೆಯದೆ ಬೇರೆ ಏನೆಂದು ಕರೆದಾನು?

ಅವನ ಅನಿಸಿಕೆ ಸುಳ್ಳೂ ಆಗಿರಲಿಲ್ಲ. ನಾಗಾಲೋಟದಲ್ಲಿ ಕುದುರೆಯ ನಾಲ್ಕು ಗೊರಸುಗಳೂ ಒಟ್ಟಿಗೆ ನೆಲ ಬಿಡುವ ಕ್ಷಣವೊಂದಿದೆ. ಅದು ಬರಿಗಣ್ಣಿಗೆ ಸಿಗದಷ್ಟು ಚಿಕ್ಕದಾದ್ದರಿಂದ ಜನ ಬಹುಕಾಲ ವಾದಿಸುತ್ತಲೇ ಇದ್ದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಟದ ದಾರಿಯುದ್ದಕ್ಕೂ ಕ್ಯಾಮೆರಾಗಳನ್ನು ಸಾಲಾಗಿ ಇರಿಸಿ, ಓಡುವ ಕುದುರೆಯ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದು ಇದನ್ನು ಸಾಬೀತುಪಡಿಸಿದ. ಕುದುರೆ ನೆಲವನ್ನು ಪೂರ್ತಿ ಬಿಟ್ಟಿರುವುದು, ಅದುವರೆಗಿನ ಎಷ್ಟೋ ಚಿತ್ರಗಾರರು ಬರೆದಂತೆ ಕಾಲುಗಳನ್ನು ಹಿಂದೆ ಮುಂದೆ ಚಾಚಿದಾಗಲ್ಲ, ಅವೆಲ್ಲ ಹೊಟ್ಟೆಯಡಿಗೆ ಮಡಿಚಿಕೊಂಡಾಗ ಎಂಬುದೂ ಆ ಚಿತ್ರಗಳಿಂದಲೇ ಗೊತ್ತಾಯಿತು. ಕಥೆ ಕಟ್ಟಿದವರು ಆ ಒಂದು ಕ್ಷಣವನ್ನೇ ಹಿಡಿದು ಆಕಾಶದವರೆಗೆ ಎಳೆದರು.

ರೆಕ್ಕೆಯ ಕುದುರೆಗಳಲ್ಲಿ ಹೆಸರಾದದ್ದು ಗ್ರೀಕರ ಪೆಗಸಸ್. ಹಾವುಗಳನ್ನೇ ತಲೆಗೂದಲಾಗಿ ಪಡೆದ ಮೆಡೂಸಳ ಶಿರವನ್ನು ವೀರ ಪರ್ಸಿಯಸ್ ಕಡಿದಾಗ ಅವಳ ಕೊರಳಿನಿಂದ ಈ ಬಿಳಿಯ ಕುದುರೆ ಹೊರಬಂದಿತು. ಅದು ಯಾರ ಕೈಗೂ ಸಿಗಲಿಲ್ಲ. ಕೊನೆಗೆ ಬೆಲ್ಲೆರೊಫೋನ್ ಎಂಬ ಯುವಕನಿಗೆ ಅಥೇನಾ ದೇವಿ ಚಿನ್ನದ ಕಡಿವಾಣವೊಂದನ್ನು ಕೊಟ್ಟಳು. ಕೊರಿಂತ್ ನಗರದ ಪೈರೀನೆ ಚಿಲುಮೆಯಲ್ಲಿ ಕುದುರೆ ನೀರು ಕುಡಿಯುತ್ತಿದ್ದಾಗ ಅವನು ಅದನ್ನು ತೊಡಿಸಿ ಪಳಗಿಸಿದನು. ಮುಂಭಾಗ ಸಿಂಹ, ನಡುವೆ ಮೇಕೆ, ಬಾಲದಲ್ಲಿ ಹಾವು ಆಗಿದ್ದ, ಬೆಂಕಿ ಉಗುಳುವ ಕೈಮೀರಾ ಎಂಬ ಮೃಗವನ್ನು ನೆಲದ ಮೇಲೆ ನಿಂತು ಎದುರಿಸುವುದು ಅಸಾಧ್ಯವಾಗಿತ್ತು. ಬೆಲ್ಲೆರೊಫೋನ್ ಪೆಗಸಸ್‌ನನ್ನೇರಿ ಬೆಂಕಿ ತಾಗದಷ್ಟು ಮೇಲಿನಿಂದ ಹೊಡೆದು ಅದನ್ನು ಕೊಂದನು. ಆದರೆ ಗೆಲುವು ತಲೆಗೇರಿ, ದೇವತೆಗಳ ಒಲಿಂಪಸ್ ಬೆಟ್ಟಕ್ಕೇ ಹಾರಿ ಹೋಗಲು ಹೊರಟಾಗ, ದೇವರಾಜ ಜ್ಯೂಸ್ ಕಳಿಸಿದ ನೊಣವೊಂದು ಕುದುರೆಯನ್ನು ಕಚ್ಚಿತು, ಸವಾರ ಕೆಳಗೆ ಬಿದ್ದನು. ಕುದುರೆ ಮಾತ್ರ ಒಲಿಂಪಸ್ ತಲುಪಿ ಜ್ಯೂಸ್‌ನ ಸಿಡಿಲುಗಳನ್ನು ಹೊರುವ ಕೆಲಸಕ್ಕೆ ನಿಂತಿತು. ರಾತ್ರಿಯ ಆಕಾಶದಲ್ಲಿ ಈ ಹೆಸರಿನ ನಕ್ಷತ್ರಪುಂಜವನ್ನು ಈಗಲೂ ನೋಡಬಹುದು. ಅಕ್ಟೋಬರ್, ನವೆಂಬರ್ ತಿಂಗಳ ಸಂಜೆಗಳಲ್ಲಿ ದೊಡ್ಡ ಚೌಕದಂತೆ ಹೊಳೆಯುವ ನಾಲ್ಕು ನಕ್ಷತ್ರಗಳು ಅದರ ಗುರುತು. ಅವುಗಳಲ್ಲಿ ಒಂದು ಪಕ್ಕದ ಆಂಡ್ರೊಮಿಡಾ ಪುಂಜಕ್ಕೆ ಸೇರಿದ್ದು. ಭಾರತೀಯ ಪರಂಪರೆಯಲ್ಲಿ ಪೂರ್ವಾಭಾದ್ರ, ಉತ್ತರಾಭಾದ್ರ ಎಂದು ಕರೆಯುವುದೂ ಇದೇ ನಾಲ್ಕು ನಕ್ಷತ್ರಗಳನ್ನು.

ಕುದುರೆಯ ಬೆನ್ನ ಮೇಲೆಯೇ ಬದುಕು ಸಾಗಿಸಿದ ಮಧ್ಯ ಏಷ್ಯಾದ ಜನರಲ್ಲಿ ರೆಕ್ಕೆಯ ಕುದುರೆ ದೇವರ ವಾಹನವಲ್ಲ, ಮನೆಯವರಲ್ಲಿ ಒಬ್ಬ. ಕಜಾಕ್ ಮತ್ತು ಕಿರ್ಗಿಜ್ ಕಥೆಗಳಲ್ಲಿ ಅದರ ಹೆಸರು ತುಲ್ಪಾರ್. 1992ರಲ್ಲಿ ಕಜಾಕಸ್ತಾನ ತನ್ನ ರಾಷ್ಟ್ರಲಾಂಛನವನ್ನು ರೂಪಿಸಿಕೊಂಡಾಗ ಎರಡು ರೆಕ್ಕೆಯ ಕುದುರೆಗಳನ್ನು ಅದರಲ್ಲಿ ಇರಿಸಿಕೊಂಡಿತು. ಅಜರ್‌ಬೈಜಾನಿನಲ್ಲಿ ಹಾಡುವ ಕೋರೋಗ್ಲು ಎಂಬ ವೀರನ ಕಥೆಯಲ್ಲಿ ಲಾಯದ ಮೇಲ್ವಿಚಾರಕನಾದ ಅವನ ತಂದೆ, ಒಡೆಯನಾದ ಖಾನನಿಗಾಗಿ ಎರಡು ಬಡಕಲು ಮರಿಗಳನ್ನು ಆರಿಸುತ್ತಾನೆ. ಅವು ಕಡಲಿನಿಂದ ಬಂದ ಗಂಡುಕುದುರೆಯ ಮರಿಗಳೆಂಬುದು ಅವನಿಗೆ ಮಾತ್ರ ಗೊತ್ತು. ತನಗೆ ಅವಮಾನವಾಯಿತೆಂದು ಸಿಟ್ಟಾದ ಖಾನನು ಮುದುಕನ ಕಣ್ಣು ಕೀಳಿಸುತ್ತಾನೆ. ತಂದೆಯ ಮಾತಿನಂತೆ ಮಗ ಆ ಮರಿಗಳನ್ನು ಬೆಳಕಿನ ಒಂದು ಕಿರಣವೂ ಒಳನುಸುಳದ ಲಾಯದಲ್ಲಿ ನಲವತ್ತು ದಿನ ಸಾಕಬೇಕಾಗಿತ್ತು. ತಾಳ್ಮೆ ತಪ್ಪಿ ಅವಧಿಗೆ ಮೊದಲೇ ಇಣುಕಿ ನೋಡಿದ್ದರಿಂದ ಮೊಳೆಯುತ್ತಿದ್ದ ರೆಕ್ಕೆಗಳು ಕರಗಿಹೋದವು. ರೆಕ್ಕೆ ಹೋದರೂ ಅವೆರಡರಲ್ಲಿ ಕಿರಾತ್ ಎಂಬ ಕುದುರೆಯನ್ನು ಮುಂದೆ ಯಾರ ಕುದುರೆಯೂ ಹಿಂದೆ ಹಾಕಲಿಲ್ಲ.

ಮಂಗೋಲಿಯಾದ ಕಥೆ ಇನ್ನಷ್ಟು ದುಃಖದ್ದು. ಖೋಖೂ ನಮ್ಜಿಲ್ ಎಂಬಾತನ ಕುದುರೆಗೆ ಗುಪ್ತವಾದ ರೆಕ್ಕೆಗಳಿದ್ದವು. ಅದನ್ನೇರಿ ಅವನು ರಾತ್ರಿಯ ವೇಳೆ ದೂರದ ತನ್ನ ಪ್ರಿಯೆಯ ಬಳಿಗೆ ಹಾರಿ ಹೋಗುತ್ತಿದ್ದನು. ಅಸೂಯೆಗೊಂಡ ಹೆಂಗಸೊಬ್ಬಳು ಆ ರೆಕ್ಕೆಗಳನ್ನು ಕತ್ತರಿಸಿದಳು, ಕುದುರೆ ಸತ್ತಿತು. ಅಗಲಿಕೆಯನ್ನು ತಾಳಲಾರದ ನಮ್ಜಿಲ್ ಅದರ ಎಲುಬು, ಚರ್ಮ, ಬಾಲದ ಕೂದಲುಗಳಿಂದ ಒಂದು ವಾದ್ಯವನ್ನು ಮಾಡಿ, ಅದರಲ್ಲಿ ತನ್ನ ಕುದುರೆಯ ಕೆನೆತವನ್ನೂ ಓಟವನ್ನೂ ನುಡಿಸಿದನು. ಮೋರಿನ್ ಖೂರ್ ಎಂಬ ಆ ವಾದ್ಯ ಇಂದಿಗೂ ಮಂಗೋಲಿಯಾದಲ್ಲಿ ಬಳಕೆಯಲ್ಲಿದೆ. ಅದಕ್ಕೆ ಎರಡೇ ತಂತಿಗಳು. ಸಾಂಪ್ರದಾಯಿಕವಾಗಿ ಅವೂ, ನುಡಿಸುವ ಕಮಾನಿನ ಎಳೆಗಳೂ ಕುದುರೆಯ ಬಾಲದ ಕೂದಲಿನವು, ಮತ್ತು ವಾದ್ಯದ ತುದಿಯಲ್ಲಿ ಕೆತ್ತಿದ ಕುದುರೆಯ ತಲೆಯಿರುತ್ತದೆ. ಯುನೆಸ್ಕೊ 2008ರಲ್ಲಿ ಈ ವಾದ್ಯದ ಸಂಗೀತವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ವೇಗವನ್ನು ತೋರಿಸಲು ರೆಕ್ಕೆಯೊಂದೇ ದಾರಿಯಲ್ಲ. ಭರದಿಂದ ಓಡುವ ಕುದುರೆಯ ಕಾಲುಗಳನ್ನು ಎಣಿಸಲು ಹೋದರೆ ಅವು ನಾಲ್ಕಕ್ಕಿಂತ ಹೆಚ್ಚು ಇರುವಂತೆ ಕಾಣುತ್ತವೆ. ಉತ್ತರ ಯುರೋಪಿನ ಜನರು ತಮ್ಮ ದೇವರಾಜ ಓಡಿನ್‌ನ ಕುದುರೆ ಸ್ಲೈಪ್ನಿರ್‌ಗೆ ಎಂಟು ಕಾಲು ಕೊಟ್ಟಿದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂಬುದು ನನಗೆ ಒಪ್ಪುವ ವಿವರಣೆ. ಅದರ ಹುಟ್ಟಿನ ಕಥೆ 13ನೇ ಶತಮಾನದ ಐಸ್‌ಲ್ಯಾಂಡಿನ ಬರಹದಲ್ಲಿದೆ. ದೇವತೆಗಳ ಊರಾದ ಆಸ್ಗಾರ್ಡ್‌ಗೆ ಕೋಟೆ ಕಟ್ಟಿಕೊಡುವೆನೆಂದು ಒಬ್ಬ ಕಟ್ಟಡಗಾರ ಬಂದನು. ಒಂದೇ ಚಳಿಗಾಲದಲ್ಲಿ ಮುಗಿಸಿದರೆ ಸೂರ್ಯ, ಚಂದ್ರ ಮತ್ತು ಫ್ರೇಯಾ ದೇವಿ ತನಗೆ ಸಿಗಬೇಕೆಂದು ಕರಾರು ಮಾಡಿಕೊಂಡನು. ತನ್ನ ಕುದುರೆಯ ನೆರವು ಮಾತ್ರ ಸಾಕೆಂದ ಅವನ ಮಾತಿಗೆ ದೇವತೆಗಳು ಒಪ್ಪಿದರು. ಸ್ವಾದಿಲ್ಫಾರಿ ಎಂಬ ಆ ಕುದುರೆ ಬೆಟ್ಟದಂಥ ಬಂಡೆಗಳನ್ನು ಎಳೆದು ತಂದುಹಾಕಿತು. ಬೇಸಿಗೆಗೆ ಮೂರೇ ದಿನ ಉಳಿದಿರುವಾಗ ಕೋಟೆ ಬಹುತೇಕ ಎದ್ದು ನಿಂತಿತ್ತು. ಆಗ ಮಾಯಾವಿ ಲೋಕಿ ಹೆಣ್ಣುಕುದುರೆಯ ರೂಪ ತಾಳಿ ಸ್ವಾದಿಲ್ಫಾರಿಯನ್ನು ಕಾಡಿಗೆ ಸೆಳೆದೊಯ್ದನು, ಕೆಲಸ ನಿಂತಿತು. ಆ ಜೋಡಿಗೆ ಹುಟ್ಟಿದ ಬೂದುಬಣ್ಣದ ಮರಿಯೇ ಸ್ಲೈಪ್ನಿರ್. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ ದೊರೆತ, ವೈಕಿಂಗರ ಕಾಲದ ಚಿತ್ರಶಿಲೆಗಳಲ್ಲಿ ಎಂಟು ಕಾಲಿನ ಕುದುರೆಯನ್ನು ಕೆತ್ತಿರುವುದರಿಂದ ಈ ಕಲ್ಪನೆ ಬರಹಕ್ಕಿಂತ ಹಳೆಯದೆಂದು ತಿಳಿಯಬಹುದು. ಐಸ್‌ಲ್ಯಾಂಡಿನ ಉತ್ತರದಲ್ಲಿ ಆಸ್‌ಬಿರ್ಗಿ ಎಂಬ, ಲಾಳದ ಆಕಾರದ ಕಣಿವೆಯೊಂದಿದೆ. ಅದರ ಬಂಡೆಗೋಡೆಗಳ ಎತ್ತರ ಕೆಲವೆಡೆ 100 ಮೀಟರಿನವರೆಗೆ ಇದೆ. ಹಿಮನದಿಗಳ ಕರಗಿದ ನೀರು ಪ್ರವಾಹವಾಗಿ ನುಗ್ಗಿ ಇದನ್ನು ಕೊರೆಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸ್ಥಳೀಯ ಐತಿಹ್ಯದ ಪ್ರಕಾರ ಸ್ಲೈಪ್ನಿರ್ ಓಡುವಾಗ ಒಂದು ಗೊರಸು ಅಲ್ಲಿ ನೆಲಕ್ಕೆ ತಾಗಿತು, ಅಷ್ಟೆ.

ಓಟ ಬಿಟ್ಟರೆ ಕುದುರೆಯಲ್ಲಿ ಜನರನ್ನು ಬೆರಗುಗೊಳಿಸಿದ್ದು ಅದರ ಎಚ್ಚರ. ತಲೆಯ ಎರಡು ಬದಿಗೂ ಇರುವ ದೊಡ್ಡ ಕಣ್ಣುಗಳಿಂದ ಅದು ತನ್ನ ಸುತ್ತಲಿನ ಬಹುಭಾಗವನ್ನು ತಲೆ ತಿರುಗಿಸದೆಯೇ ಕಾಣಬಲ್ಲದು. ಕಿವಿಗಳನ್ನು ಒಂದೊಂದನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಸದ್ದು ಹಿಡಿಯಬಲ್ಲದು. ನಿಂತೇ ತೂಕಡಿಸಿ, ಅಪಾಯ ಬಂದೊಡನೆ ಓಡಬಲ್ಲದು. ಹುಲ್ಲುಗಾವಲಿನಲ್ಲಿ ತೋಳಗಳಿಂದ ತಪ್ಪಿಸಿಕೊಂಡು ಬದುಕಿದ ಪ್ರಾಣಿಗೆ ಇವೆಲ್ಲ ಅಗತ್ಯವಾಗಿದ್ದವು. ಮನುಷ್ಯನ ಕಿವಿಗೆ ಏನೂ ಕೇಳದಿರುವಾಗ ಕುದುರೆ ತಟ್ಟನೆ ತಲೆಯೆತ್ತಿ ನಿಂತರೆ, ಅದಕ್ಕೆ ನಮಗಿಲ್ಲದ ಜ್ಞಾನವೇನೋ ಇದೆ ಎಂದು ಹಿಂದಿನವರು ತೀರ್ಮಾನಿಸಿದ್ದು ಸಹಜ.

ಈ ಗುಣವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು, ನನ್ನ ದೃಷ್ಟಿಯಲ್ಲಿ, ಇರಾನಿನ ವೀರ ರುಸ್ತುಮನ ಕುದುರೆ ರಖ್ಶ್‌ನ ಕಥೆ. ಫಿರ್ದೌಸಿ ಕವಿ 1010ರ ಸುಮಾರಿಗೆ ಮುಗಿಸಿದ ಶಾಹನಾಮೆಯಲ್ಲಿ ಅದು ವಿಸ್ತಾರವಾಗಿ ಬರುತ್ತದೆ. ತರುಣ ರುಸ್ತುಮ ಕುದುರೆಯನ್ನು ಆರಿಸಲು ಒಂದೊಂದರ ಬೆನ್ನ ಮೇಲೂ ಅಂಗೈ ಇಟ್ಟು ಒತ್ತಿದಾಗ ಎಲ್ಲವೂ ಅವನ ಬಲಕ್ಕೆ ಕುಸಿದವು. ರಖ್ಶ್ ಮಾತ್ರ ಅಲುಗಲಿಲ್ಲ. ಬೆಲೆ ಕೇಳಿದರೆ ಕುದುರೆ ಕಾಯುವವನು, ಇದರ ಬೆಲೆ ಇರಾನ್ ದೇಶವೇ ಎಂದುಬಿಟ್ಟನು. ಮುಂದೆ ತನ್ನ ರಾಜನನ್ನು ಬಿಡಿಸಿ ತರಲು ಹೊರಟ ರುಸ್ತುಮ ದಾರಿಯಲ್ಲಿ ಮಲಗಿ ನಿದ್ರಿಸುವಾಗ ಸಿಂಹವೊಂದು ಬಂದಿತು. ರಖ್ಶ್ ಒಡೆಯನನ್ನು ಎಬ್ಬಿಸದೆ, ಗೊರಸಿನಿಂದಲೂ ಹಲ್ಲಿನಿಂದಲೂ ಹೊಡೆದಾಡಿ ಅದನ್ನು ತಾನೇ ಕೊಂದಿತು. ಎಚ್ಚರಗೊಂಡ ರುಸ್ತುಮ, ನೀನು ಸತ್ತಿದ್ದರೆ ನನ್ನ ಗತಿಯೇನು, ನನ್ನನ್ನೇಕೆ ಎಬ್ಬಿಸಲಿಲ್ಲ ಎಂದು ಗದರಿದನು. ಕೆಲ ದಿನಗಳ ಬಳಿಕ ಇನ್ನೊಂದೆಡೆ ರಾತ್ರಿ ಘಟಸರ್ಪವೊಂದು ಬಂದಾಗ ರಖ್ಶ್ ಹೇಳಿದಂತೆಯೇ ನಡೆದುಕೊಂಡು ಅವನನ್ನು ಎಬ್ಬಿಸಿತು, ಅಷ್ಟರಲ್ಲಿ ಸರ್ಪ ಕತ್ತಲಲ್ಲಿ ಮರೆಯಾಯಿತು. ಎರಡನೆಯ ಸಲವೂ ಹಾಗೆಯೇ ಆದಾಗ, ಸುಮ್ಮನೆ ನಿದ್ದೆ ಕೆಡಿಸಿದರೆ ನಿನ್ನ ತಲೆ ಕಡಿದು ನಡೆದೇ ಹೋಗುತ್ತೇನೆ ಎಂದು ರುಸ್ತುಮ ಬೆದರಿಸಿದನು. ಮೂರನೆಯ ಸಲ ಕುದುರೆಗೆ ಎರಡು ಭಯ: ಎದುರಿಗೆ ಸರ್ಪ, ಪಕ್ಕದಲ್ಲಿ ಒಡೆಯನ ಸಿಟ್ಟು. ಒಡೆಯನ ಮೇಲಿನ ಪ್ರೀತಿಯೇ ಗೆದ್ದು ಅದು ಮತ್ತೆ ಎಬ್ಬಿಸಿತು, ಈ ಬಾರಿ ಸರ್ಪ ಅವನ ಕಣ್ಣಿಗೆ ಬಿದ್ದಿತು; ರಖ್ಶ್ ಸರ್ಪದ ಹೆಗಲನ್ನು ಕಚ್ಚಿ ಹಿಡಿದಾಗ ರುಸ್ತುಮ ಅದರ ತಲೆ ಕಡಿದನು. ಮಕ್ಕಳಿಗೆ ಈ ಭಾಗ ತುಂಬ ಬೇಗ ಅರ್ಥವಾಗುತ್ತದೆ, ಏಕೆಂದರೆ ಮಾಡಿದರೂ ಬೈಗುಳ, ಮಾಡದಿದ್ದರೂ ಬೈಗುಳ ಎಂಬ ಸ್ಥಿತಿ ಅವರಿಗೆ ಹೊಸದಲ್ಲ. ಈ ಜೋಡಿಯ ಸಾವಿಗೂ ಇದೇ ಗುಣ ಕಾರಣವಾಗುತ್ತದೆ: ಮಲಸಹೋದರ ಶಗಾದ್ ಈಟಿಗಳನ್ನು ನೆಟ್ಟು ಮುಚ್ಚಿಸಿದ್ದ ಗುಂಡಿಯ ಬಳಿ ಹೊಸದಾಗಿ ಅಗೆದ ಮಣ್ಣಿನ ವಾಸನೆ ಹಿಡಿದ ರಖ್ಶ್ ಮುಂದೆ ಹೆಜ್ಜೆ ಇಡಲೊಪ್ಪಲಿಲ್ಲ, ರುಸ್ತುಮ ಸಿಟ್ಟಿನಿಂದ ಚಾವಟಿ ಬೀಸಿದನು, ಇಬ್ಬರೂ ಗುಂಡಿಗೆ ಬಿದ್ದರು.

ಮಾತನಾಡುವ ಕುದುರೆಗಳ ಮೂಲವೂ ಇಲ್ಲಿಯೇ ಇದೆ. ಕುದುರೆ ಮನುಷ್ಯನ ಮುಖವನ್ನು ಓದಬಲ್ಲದೆಂದು ಅದನ್ನು ಸಾಕಿದವರಿಗೆಲ್ಲ ಗೊತ್ತಿತ್ತು. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು, ಮನುಷ್ಯರ ಸಿಟ್ಟಿನ ಮುಖದ ಚಿತ್ರಕ್ಕೂ ನಗುಮುಖದ ಚಿತ್ರಕ್ಕೂ ಕುದುರೆಗಳು ಬೇರೆ ಬೇರೆಯಾಗಿ ಪ್ರತಿಕ್ರಿಯಿಸುವುದನ್ನು ಪ್ರಯೋಗದಲ್ಲಿ ಕಂಡರು. ನಮ್ಮನ್ನು ಇಷ್ಟು ಬಲ್ಲ ಪ್ರಾಣಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂಬುದನ್ನೂ ಬಲ್ಲದು ಎಂಬ ನಂಬಿಕೆಗೆ ಅಲ್ಲಿಂದ ಒಂದೇ ಹೆಜ್ಜೆ. ರಷ್ಯಾದ ಸಿವ್ಕಾ-ಬೂರ್ಕಾ ಕಥೆಯಲ್ಲಿ ಸಾಯುವ ತಂದೆ ತನ್ನ ಮೂವರು ಮಕ್ಕಳಿಗೆ ಒಬ್ಬೊಬ್ಬರಾಗಿ ಮೂರು ರಾತ್ರಿ ತನ್ನ ಸಮಾಧಿಯ ಬಳಿ ಕಾಯಲು ಹೇಳುತ್ತಾನೆ. ದೊಡ್ಡವರಿಬ್ಬರೂ ಹೆದರಿ, ಎಲ್ಲರೂ ದಡ್ಡನೆಂದು ಬಗೆದ ಕಿರಿಯ ಮಗ ಇವಾನನನ್ನೇ ಮೂರು ರಾತ್ರಿಯೂ ಕಳಿಸುತ್ತಾರೆ. ಕೊಟ್ಟ ಮಾತಿನಂತೆ ಕಾದ ಅವನಿಗೆ ಸಿಗುವುದು ಕರೆದಾಗ ಓಡಿಬರುವ ಮಾಯಾಕುದುರೆ. ಅದರ ಒಂದು ಕಿವಿಯೊಳಗೆ ಹೊಕ್ಕು ಇನ್ನೊಂದರಿಂದ ಹೊರಬಂದರೆ ಇವಾನ ಯಾರೂ ಗುರುತಿಸಲಾಗದಷ್ಟು ಚೆಲುವನಾಗುತ್ತಾನೆ, ಎತ್ತರದ ಕಿಟಕಿಯಲ್ಲಿ ಕುಳಿತ ರಾಜಕುಮಾರಿಯವರೆಗೆ ಕುದುರೆಯನ್ನು ನೆಗೆಸುತ್ತಾನೆ. ಅದು ಓಡಿದರೆ ಭೂಮಿ ನಡುಗುತ್ತದೆ, ಮೂಗಿನಿಂದ ಬೆಂಕಿ, ಕಿವಿಯಿಂದ ಹೊಗೆ ಬರುತ್ತದೆ ಎಂಬ ವರ್ಣನೆಯನ್ನು ಓದುವಾಗ, ಹಿಮ ಬೀಳುವ ನಾಡಿನ ಮುಂಜಾವದಲ್ಲಿ ಓಡಿ ಬಂದು ನಿಂತ ಕುದುರೆಯ ಬಿಸಿಯುಸಿರು ಬಿಳಿಯ ಮೋಡವಾಗಿ ಏಳುವುದನ್ನು ನೆನಪಿಸಿಕೊಳ್ಳಬೇಕು.

ಎಲ್ಲ ಕುದುರೆಗಳೂ ಮನುಷ್ಯನ ಗೆಳೆಯರಲ್ಲ. ಕುದುರೆಗೆ ಈಜು ಹುಟ್ಟಿನಿಂದಲೇ ಬರುತ್ತದೆ, ಮತ್ತು ದಡಕ್ಕೆ ಉರುಳಿ ಬರುವ ನೊರೆಯಲೆಗಳಲ್ಲಿ ಬಿಳಿಯ ಕೇಸರದ ಕುದುರೆಗಳ ಸಾಲನ್ನು ಕಂಡವರು ಹಲವು ನಾಡುಗಳಲ್ಲಿ ಇದ್ದರು. ಗ್ರೀಕರ ಕಡಲದೇವರು ಪೊಸೈಡನ್ ಕುದುರೆಗಳ ದೇವರೂ ಹೌದು. ಭಾರತದ ಪುರಾಣಗಳಲ್ಲಿ ಅಚ್ಚ ಬಿಳಿಯ ಉಚ್ಚೈಃಶ್ರವಸ್ಸು ಹುಟ್ಟಿದ್ದು ಕ್ಷೀರಸಮುದ್ರದ ಮಥನದಲ್ಲಿ. ಅದರ ಬಾಲದ ಬಣ್ಣ ಯಾವುದೆಂದು ಕದ್ರು, ವಿನತೆಯರು ಹೂಡಿದ ಪಂದ್ಯದಲ್ಲಿ ಕದ್ರುವಿನ ಹಾವುಮಕ್ಕಳು ಕಪ್ಪು ಕೂದಲಿನಂತೆ ಬಾಲಕ್ಕೆ ಜೋತುಬಿದ್ದು ಮೋಸ ಮಾಡಿದವು, ಸೋತ ವಿನತೆ ದಾಸಿಯಾದಳು, ಅವಳನ್ನು ಬಿಡಿಸಲು ಮಗ ಗರುಡ ಅಮೃತವನ್ನೇ ತರಬೇಕಾಯಿತು. ಸ್ಕಾಟ್ಲೆಂಡಿನ ಕೆಲ್ಪಿಯಾದರೋ ನೀರಿನ ಭಯವನ್ನೇ ಹೊತ್ತ ಕುದುರೆ. ಸರೋವರದ ದಡದಲ್ಲಿ ಅದು ಸಾಧುವಾದ ಚಂದದ ಕುದುರೆಯಂತೆ ನಿಂತಿರುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಹತ್ತಿದಂತೆ ಅದರ ಬೆನ್ನು ಉದ್ದವಾಗುತ್ತಾ ಹೋಗುತ್ತದೆ. ಎಲ್ಲರೂ ಹತ್ತಿದ ಮೇಲೆ ಚರ್ಮ ಅಂಟಾಗಿ, ಅವರನ್ನು ಹೊತ್ತು ಆಳಕ್ಕೆ ಜಿಗಿಯುತ್ತದೆ. ಬೆರಳಿನಿಂದ ಮಾತ್ರ ಮುಟ್ಟಿದ್ದ ಒಬ್ಬ ಹುಡುಗ ಆ ಬೆರಳನ್ನೇ ಕತ್ತರಿಸಿಕೊಂಡು ಪಾರಾದನಂತೆ. ಐಸ್‌ಲ್ಯಾಂಡಿನಲ್ಲಿ ಇದಕ್ಕೆ ಸಮನಾದ ನಿಕುರ್ ಎಂಬ ಬೂದು ಕುದುರೆಯ ಗೊರಸುಗಳು ಹಿಂದುಮುಂದಾಗಿರುತ್ತವೆ, ಆದ್ದರಿಂದ ಗಮನವಿಟ್ಟು ನೋಡುವ ಮಗು ಅದನ್ನು ಗುರುತಿಸಬಲ್ಲದು. ತಣ್ಣನೆಯ ಆಳದ ನೀರಿನ ದಡದಲ್ಲಿ ಬೆಳೆಯುವ ಮಕ್ಕಳನ್ನು ದೂರವಿಡಲು ದೊಡ್ಡವರು ಹೇಳಿದ ಕಥೆಗಳಿವು. ಸ್ಕಾಟ್ಲೆಂಡಿನ ಫಾಲ್ಕರ್ಕ್ ಬಳಿ 2013ರಲ್ಲಿ ಕಟ್ಟಿದ, 30 ಮೀಟರ್ ಎತ್ತರದ ಎರಡು ಉಕ್ಕಿನ ಕುದುರೆ ತಲೆಗಳಿಗೆ ಕೆಲ್ಪಿಗಳ ಹೆಸರನ್ನೇ ಇಟ್ಟಿದ್ದಾರೆ.

ಕೆಲವು ಸಲ ಬದುಕಿದ್ದ ಕುದುರೆಯೇ ಕಥೆಯೊಳಗೆ ನಡೆದುಹೋಗುತ್ತದೆ. ಯಾರೂ ಹತ್ತಲಾಗದ ಬ್ಯುಸೆಫಲಸ್ ತನ್ನ ನೆರಳಿಗೇ ಬೆದರುತ್ತಿದೆ ಎಂಬುದನ್ನು ಬಾಲಕ ಅಲೆಕ್ಸಾಂಡರ್ ಗಮನಿಸಿ, ಅದನ್ನು ಸೂರ್ಯನ ಕಡೆಗೆ ತಿರುಗಿಸಿ ಪಳಗಿಸಿದನೆಂದು ಪ್ರಾಚೀನ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಕ್ರಿ.ಪೂ. 326ರಲ್ಲಿ ಪೌರವನೊಡನೆ ಯುದ್ಧ ನಡೆದ ಬಳಿಕ ಆ ಕುದುರೆ ಸತ್ತಾಗ ಅದರ ಹೆಸರಿನಲ್ಲಿ ಒಂದು ನಗರವೇ ಎದ್ದಿತು. 1576ರ ಹಳದಿಘಾಟಿ ಯುದ್ಧದಲ್ಲಿ ಗಾಯಗೊಂಡ ಕಾಲಿನಲ್ಲಿಯೇ ತೊರೆ ಹಾರಿ ರಾಣಾ ಪ್ರತಾಪನನ್ನು ಉಳಿಸಿ ಸತ್ತ ಚೇತಕ್‌ನ ಕಥೆಯೂ ಹೀಗೆಯೇ ಬೆಳೆದದ್ದು. ಚೀನಾದ ವೂ ಚಕ್ರವರ್ತಿ ಮಧ್ಯ ಏಷ್ಯಾದ ಫರ್ಗಾನಾ ಕಣಿವೆಯ, ರಕ್ತದ ಬೆವರು ಸುರಿಸುವ ದಿವ್ಯಾಶ್ವಗಳಿಗಾಗಿ ಕ್ರಿ.ಪೂ. 104ರಿಂದ 101ರವರೆಗೆ ಯುದ್ಧವನ್ನೇ ನಡೆಸಿದನು. ಆ ರಕ್ತಕ್ಕೆ ಕುದುರೆಯ ಚರ್ಮದಡಿ ಸೇರುವ ಒಂದು ಬಗೆಯ ಹುಳು ಕಾರಣವಿರಬಹುದೆಂದು ಈಚಿನ ವಿದ್ವಾಂಸರು ಊಹಿಸುತ್ತಾರೆ.

ಕುದುರೆ ಬಂದಲ್ಲಿ ಕಥೆಯೂ ಬರುತ್ತದೆ ಎಂಬುದಕ್ಕೆ ಅಮೆರಿಕ ಖಂಡಕ್ಕಿಂತ ಸ್ಪಷ್ಟವಾದ ಸಾಕ್ಷಿ ಇಲ್ಲ. ಅಲ್ಲಿನ ಕಾಡುಕುದುರೆಗಳು ಸುಮಾರು 10,000 ವರ್ಷಗಳ ಹಿಂದೆ ಅಳಿದುಹೋಗಿದ್ದವು. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಕೆರಿಬಿಯನ್ ದ್ವೀಪಗಳಿಗೂ, 1519ರಲ್ಲಿ ಕೊರ್ಟೆಸ್ ಮೆಕ್ಸಿಕೊಗೂ ಕುದುರೆಗಳನ್ನು ಹಡಗಿನಲ್ಲಿ ತಂದ ಬಳಿಕ ಅವು ನಿಧಾನವಾಗಿ ಉತ್ತರದ ಬಯಲುಗಳಿಗೆ ಹರಡಿ ಮೂಲನಿವಾಸಿಗಳ ಕೈ ಸೇರಿದವು. ಅವರಲ್ಲಿ ಪಾನೀ ಜನರ ಕಥೆಯೊಂದು 1889ರಲ್ಲಿ ಅಚ್ಚಾಯಿತು. ಬಡ ಅಜ್ಜಿ ಮತ್ತು ಮೊಮ್ಮಗ ಇತರರು ಬಿಟ್ಟುಹೋದುದನ್ನು ಆಯ್ದು ಬದುಕುತ್ತಿದ್ದವರು. ಒಂದು ದಿನ ಅವರಿಗೆ ಒಂದು ಕಣ್ಣು ಕುರುಡಾದ, ಬೆನ್ನು ಹುಣ್ಣಾದ ಮುದಿ ಕಂದುಗುದುರೆ ಸಿಗುತ್ತದೆ. ಹಿಂಡಿನ ಮಚ್ಚೆಯ ಕಾಡೆಮ್ಮೆಕರುವನ್ನು ಬೇಟೆಯಾಡಿದವನಿಗೆ ತನ್ನ ಮಗಳನ್ನು ಕೊಡುವೆನೆಂದು ನಾಯಕ ಸಾರಿದಾಗ, ಎಲ್ಲರ ನಗುವಿನ ನಡುವೆ ಹುಡುಗ ಆ ಕುದುರೆಯನ್ನೇರುತ್ತಾನೆ. ಕುದುರೆ ಬಾಯಿ ಬಿಟ್ಟು, ನನ್ನ ಮೈಗೆಲ್ಲ ಕೆಸರು ಬಳಿ ಎನ್ನುತ್ತದೆ, ಬಳಿದ ಮೇಲೆ ಎಲ್ಲ ಕುದುರೆಗಳನ್ನೂ ಹಿಂದೆ ಹಾಕುತ್ತದೆ. ಮುಂದಿನ ಯುದ್ಧದಲ್ಲಿ ನಾಲ್ಕು ಸಲ ಮಾತ್ರ ಶತ್ರುಗಳ ನಡುವೆ ನುಗ್ಗಬೇಕೆಂದು ಅದು ಎಚ್ಚರಿಸಿತ್ತು. ಹುಡುಗ ಐದನೆಯ ಸಲವೂ ನುಗ್ಗಿದನು, ಶತ್ರುಗಳು ಕುದುರೆಯನ್ನು ಕೊಂದು ತುಂಡು ತುಂಡು ಮಾಡಿದರು. ಅವನು ಗುಡ್ಡದ ಮೇಲೆ ಕುಳಿತು ಅತ್ತನು, ಮಳೆ ಸುರಿಯಿತು, ತುಂಡುಗಳು ಒಂದಾಗಿ ಕುದುರೆ ಎದ್ದು ನಿಂತಿತು. ಆ ಜನರ ಪೂರ್ವಿಕರು ಕುದುರೆಯನ್ನು ಮೊದಲು ಕಂಡು, ಈ ಕಥೆ ಅಚ್ಚಾದ ಹೊತ್ತಿಗೆ ಮೂರು ಶತಮಾನಗಳೂ ತುಂಬಿರಲಿಲ್ಲ.